ದಂಬೆಯ ಹಿಂದಿನ ನೀರು

ರಾಳ ಕಾಯುವ ವಾಸನೆ ಬಂದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊನ್ನೆ ತದಡಿಯಲ್ಲಿ ದೋಣಿ ಕಟ್ಟುವ ದಕ್ಕೆಯ ಹತ್ತಿರ ಯಾರೋ ಹಳೆಯ ದೋಣಿಯೊಂದನ್ನು ಮಗುಚಿ ಹಾಕಿ, ಕಲ್ಲಿನ ಒಲೆ ಹೂಡಿ, ಎಣ್ಣೆಯಲ್ಲಿ ರಾಳ ಕುದಿಸುತ್ತಿದ್ದರು. ಜೊತೆಗಿದ್ದವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ಹೋದರು. ನಾನು ಅಲ್ಲೇ ನಿಂತೆ. ಹೊನ್ನಾವರದ ಆ ಮನೆ, ನಡುವಿನ ಆ ಗೋಡೆ, ಗೋಡೆಯಾಚೆ ನಗುತ್ತಿದ್ದ ನನ್ನ ವಾರಗಿತ್ತಿ, ಎಲ್ಲ ಒಟ್ಟಿಗೆ ನೆನಪಾಗಿ ಮೈ ಬಿಸಿಯಾಯಿತು. ವಯಸ್ಸಾದರೆ ಹೊಟ್ಟೆಕಿಚ್ಚು ತಾನಾಗಿ ಆರುತ್ತದೆ ಎನ್ನುವವರಿದ್ದಾರೆ. ಅವರಿಗೆ ಸರಿಯಾದ ಹೊಟ್ಟೆಕಿಚ್ಚು ಬಂದೇ ಇರಲಿಕ್ಕಿಲ್ಲ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಇನ್ನೂ ಏಳುತ್ತಿದ್ದ ಕಾಲ. ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಅಲ್ಲಿಗೆ ಕೆಲಸಕ್ಕೆ ಹೋಗಿದ್ದರು. ಮಳೆಗಾಲದಲ್ಲಿ ಘಟ್ಟ ಇಳಿದು ಬರುವುದು ಕಷ್ಟವೆಂದು ಅಲ್ಲೇ ಉಳಿಯುತ್ತಿದ್ದರು. ನನ್ನ ಗಂಡ ದೋಣಿ ರಿಪೇರಿ ಮಾಡುವವರು. ಹಲಗೆಗಳ ಸಂದಿಗೆ ಹತ್ತಿ ತುರುಕಿ ಮೇಲೆ ರಾಳ ಬಳಿಯುವುದರಲ್ಲಿ ಶರಾವತಿಯ ಎರಡೂ ದಡದಲ್ಲಿ ಅವರಿಗೆ ಹೆಸರಿತ್ತು. ಅಣ್ಣತಮ್ಮಂದಿರು ಹಿಂದಿನ ಬೇಸಗೆಯಲ್ಲಿ ಹಿಸೆಯಾಗಿದ್ದರು. ಹೊಲ ಗದ್ದೆ ಹೆಚ್ಚಿಲ್ಲದವರ ಹಿಸೆ ಎಂದರೆ ಮನೆಯನ್ನೇ ಸೀಳುವುದು. ಉದ್ದನೆಯ ಚಿರೆಕಲ್ಲಿನ ಮನೆಗೆ ನಡುವೆ ಗೋಡೆ ಎದ್ದಿತು. ಆಚೆಗೆ ಭಾವ ಮತ್ತು ನಾಗವೇಣಿ ಅಕ್ಕ, ಈಚೆಗೆ ನಾವು. ಹಂಚಿನ ಮಾಡನ್ನೂ ಎರಡಾಗಿ ಕಟ್ಟಿದ್ದರಿಂದ ಎರಡೂ ಕಡೆಯದು ಇಳಿದು ಬಂದು ಆ ಗೋಡೆಯ ಮೇಲೆ ಕೂಡುತ್ತಿತ್ತು. ಅಲ್ಲಿ ನೀರು ಹಿಡಿಯಲು ಒಂದು ದಂಬೆ ಕೂರಿಸಿದ್ದರು. ದಂಬೆ ಎಂದರೆ ಬೈನೆ ಮರದ ಕಾಂಡವನ್ನು ಎರಡಾಗಿ ಸೀಳಿ, ಒಳಗಿನ ತಿರುಳು ತೆಗೆದು ಮಾಡಿದ ನೀರಿನ ಹಾದಿ. ಎರಡು ಮನೆಗೂ ಸೇರಿ ಉಳಿದದ್ದು ಅದೊಂದೇ, ಮತ್ತೆ ಅತ್ತೆ.

ಅತ್ತೆಯನ್ನೂ ಹಂಚಿದ್ದರು. ಬೇಸಗೆಗೆ ದೊಡ್ಡ ಮಗನ ಕಡೆ, ಮಳೆಗಾಲಕ್ಕೆ ಚಿಕ್ಕ ಮಗನ ಕಡೆ. ಹಿರಿಯರು ಕೂತು ಹಾಗೆ ಮಾಡಿದಾಗ ನನಗಾದ ಸಂತೋಷವನ್ನು ನಾನು ಯಾರಿಗೂ ತೋರಿಸಲಿಲ್ಲ. ಸೊಸೆಯಂದಿರು ಅತ್ತೆ ಆಚೆ ಹೋದರೆ ಸಾಕು ಎನ್ನುವುದೇ ವಾಡಿಕೆ. ನನ್ನ ಕತೆ ಬೇರೆ. ಮಿರ್ಜಾನದಲ್ಲಿ ನಾನು ಬೆಳೆದದ್ದು ಅಪ್ಪನ ಕೈಯಲ್ಲಿ. ಅಮ್ಮನ ಮುಖ ನನಗೆ ನೆನಪಿಲ್ಲ. ಮದುವೆಯಾಗಿ ಬಂದ ಮೊದಲ ವಾರ ಅತ್ತೆ ನನ್ನನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, “ಎಂತ ಕೂದ್ಲೇ ಇದು, ಕತ್ತದ ಹುರಿ ಹಾಂಗೆ” ಎಂದು ಬೈದರು. ಅಂಥ ಬೈಗುಳ ನನಗೆ ಅದಕ್ಕೆ ಮುಂಚೆ ಯಾರಿಂದಲೂ ಸಿಕ್ಕಿರಲಿಲ್ಲ. ಅವತ್ತೇ ನಾನು ಅವರನ್ನು ನನ್ನವರೆಂದು ಬರೆದುಕೊಂಡುಬಿಟ್ಟೆ.

ಆ ಮಳೆಗಾಲಕ್ಕೆ ನಾನು ಬಸುರಿ. ಚೊಚ್ಚಲಿಗೆ ಎಲ್ಲರೂ ತವರಿಗೆ ಹೋಗುತ್ತಾರೆ. ನನಗೆ ಹೋಗಲು ಅಮ್ಮನಿರಲಿಲ್ಲ. “ಹೆದರೂದು ಎಂತಕ್ಕೆ? ಮಳೆಗಾಲ ಪೂರ್ತಿ ನಿನ್ನ ಬದಿಗೇ ಇರ್ತೆ ಅಲ್ದಾ” ಎಂದಿದ್ದರು ಅತ್ತೆ. ಮಳೆಗಾಲದ ಮೊದಲಿನ ಮಿರ್ಗದ ಮಳೆ ಹಿಡಿಯುವ ಮುಂಚೆಯೇ ಅವರು ಚಾಪೆ, ದಿಂಬು, ಎಲೆಯಡಿಕೆ ಕುಟ್ಟುವ ಪುಟ್ಟ ಕಲ್ಲು ತೆಗೆದುಕೊಂಡು ಈಚೆಗೆ ಬಂದರು. ಪಡುವಣ ಗೋಡೆಗೆ ನಾವಿಬ್ಬರೇ ಕೂತು ತೆಂಗಿನ ಮಡಲಿನ ತಟ್ಟಿ ಹೆಣೆದೆವು. ಗಾಳಿಮಳೆ ಎಷ್ಟು ಬಡಿದರೂ ಆ ಗೋಡೆಗೆ ಏನೂ ಆಗಲಿಲ್ಲ. ಸೋರಿದ್ದು ಒಳಗಿನದು, ನಡುವಿನ ಗೋಡೆ.

ಆ ಸೋರಿಕೆಯ ಲಕ್ಷಣವೇ ವಿಚಿತ್ರ. ಹಂಚು ಒಡೆಯುವ ಹಾಗೆ ಹೊಡೆಯುವ ಜೋರು ಮಳೆಗೆ ಒಂದು ಹನಿ ಬರುತ್ತಿರಲಿಲ್ಲ. ಮಳೆ ಸಣ್ಣಗಾಗಿ, ಜಿನುಗಲು ಶುರುವಾದರೆ ಸಾಕು, ದಂಬೆಯ ಹಿಂದಿನಿಂದ ನೀರು ಇಳಿಯುತ್ತಿತ್ತು. ದಂಬೆ ತುಂಬಿ ಉಕ್ಕುತ್ತಲೂ ಇರಲಿಲ್ಲ. ಹಿಂದೆ ಗೋಡೆ ಮಾತ್ರ ಒದ್ದೆ. ಆರಿದ್ರೆ ಮಳೆಯ ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅದು ನೇರ ಅವರ ತಲೆಯ ಮೇಲೆಯೇ ಬಿತ್ತು. ಎದ್ದು ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಗೋಡೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಾಪೆ ಸುತ್ತಿ ಅಕ್ಕನ ಕಡೆಗೆ ಹೊರಟರು.

“ಎರಡು ದಿನ ಅಷ್ಟೆ ಮಗಾ. ಸೋರೂದು ನಿಂತ ಕೂಡ್ಲೆ ಬತ್ತೆ.”

ಎರಡು ದಿನ ಹೋಗಿ ವಾರವಾಯಿತು. ನನಗೆ ಆ ಗೋಡೆಯೇ ವೈರಿಯಾಯಿತು. ಅದರಾಚೆಯ ಒಂದೊಂದು ಸದ್ದೂ ನನಗೆ ಕೇಳುತ್ತಿತ್ತು. ಅಡಿಕೆ ಕುಟ್ಟುವ ಟಕ್ ಟಕ್. ಒಣ ಬಂಗಡೆ ಕೆಂಡದ ಮೇಲಿಟ್ಟ ಚುರ್. ಅತ್ತೆ ನನಗೆ ಹೇಳಿ ಮುಗಿಸದೆ ಬಿಟ್ಟಿದ್ದ ತಮ್ಮ ಚಿಕ್ಕಂದಿನ ಕತೆಯೊಂದನ್ನು ಆಚೆ ಅಕ್ಕನಿಗೆ ಮೊದಲಿನಿಂದ ಹೇಳುತ್ತಿದ್ದರು, ಅಕ್ಕ ನಗುತ್ತಿದ್ದಳು. ಅವಳ ನಗು ಗಂಟಲಿನಿಂದಲ್ಲ, ಹೊಟ್ಟೆಯಿಂದ ಬರುವಂಥದ್ದು. ನನಗಿಂತ ಎತ್ತರ, ನನಗಿಂತ ಬೆಳ್ಳಗೆ, ಕೆಲಸದಲ್ಲಿ ನನಗಿಂತ ಚುರುಕು. ಇಷ್ಟನ್ನು ನಾನು ಹೇಗೋ ಸಹಿಸಿದ್ದೆ. ಮದುವೆಯಾಗಿ ಬಹಳ ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಹೊಟ್ಟೆ ತೊಳಸಿ, ಕಾಲು ಊದಿ ಕೂತಿದ್ದ ನನಗೆ ಅದೂ ಅವಳಿಗೆ ಸಿಕ್ಕ ಅನುಕೂಲದಂತೆಯೇ ಕಂಡಿತ್ತು.

ಒಂದು ದಿನ ಅಕ್ಕ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಬಟ್ಟಲು, ಅದರಲ್ಲಿ ಉಪ್ಪಿನಲ್ಲಿಟ್ಟ ಮಾವಿನಕಾಯಿಯ ಗೊಜ್ಜು.

“ಅತ್ತೆ ಮಾಡಿದ್ರು. ನಿಂಗೆ ಹುಳಿ ಬೇಕಾಗ್ತದೆ ಅಂದ್ರು.”

“ನಂಗೆ ಎಂತದೂ ಬೇಡ” ಎಂದೆ.

ಅವಳು ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಹೋದಳು. ಅವಳ ಬಾಗಿಲು ಹಾಕಿದ ಸದ್ದಾದ ಮೇಲೆ ನಾನು ಅಲ್ಲೇ ನಿಂತು ಬಟ್ಟಲು ನೆಕ್ಕುವವರೆಗೂ ತಿಂದೆ. ತಿನ್ನುತ್ತ ಇನ್ನಷ್ಟು ಸಿಟ್ಟು ಬಂತು. ನನ್ನ ಅತ್ತೆ ನನಗಾಗಿ ಮಾಡಿದ್ದನ್ನು ಇವಳ ಕೈಯಿಂದ ಇಸಿದುಕೊಳ್ಳಬೇಕೇ?

ಸಂಜೆ ಗಂಡ ಬಂದಾಗ ಅನ್ನ ಬಡಿಸದೆ ಕೂತೆ. “ಊರಿನ ದೋಣಿಯೆಲ್ಲ ನಿಮ್ಮದೇ ಕೈ. ಸ್ವಂತ ಮನೆ ಗ್ವಾಡೆ ಮಾತ್ರ ಸೋರಬೇಕಾ?” ಎಂದೆ. ಅದು ತಾಗಿತು. ಮರುದಿನವೇ ಹತ್ತಿ, ಉಳಿ, ರಾಳದ ಗಡಿಗೆ ತಂದು ನಮ್ಮ ಕಡೆಯ ಒಳಗೋಡೆಗೆ ಏಣಿ ಇಟ್ಟರು.

“ಅಳಿವೆ ದಾಟಿ ಸಮುದ್ರಕ್ಕೆ ಹೋಗು ದೋಣಿಗೇ ನಾ ನೀರು ಹೊಗ್ಗೊಡೂದಿಲ್ಲ. ಈ ದಂಬೆ ಎಂತ ಲೆಕ್ಕ?”

ದಂಬೆಗೂ ಗೋಡೆಗೂ ನಡುವೆ ಬೆರಳು ಹೋಗುವಷ್ಟು ಸಂದಿಯಿತ್ತು. ಅದಕ್ಕೆ ದೋಣಿಗೆ ಮಾಡುವ ಹಾಗೆಯೇ ಹತ್ತಿ ಹೊಸೆದು ತುರುಕಿ, ಉಳಿಯಿಂದ ಬಡಿದು, ಬಿಸಿ ರಾಳ ಹುಯ್ದರು. ಮನೆ ತುಂಬ ಆ ವಾಸನೆ. ನನಗೆ ವಾಂತಿ ಬರುತ್ತಿತ್ತು, ಆದರೂ ಆನಂದವಾಗುತ್ತಿತ್ತು. ಗೋಡೆ ಒಣಗಿತು. ಅತ್ತೆ ಚಾಪೆ ತೆಗೆದುಕೊಂಡು ಬಂದರು. ಆ ದಿನ ನಾನು ಗೋಡೆಯಾಚೆಗೆ ಕೇಳಲಿ ಎಂದೇ ಜೋರಾಗಿ ನಕ್ಕೆ, ನಗುವಂಥದ್ದು ಏನೂ ಇಲ್ಲದಿದ್ದರೂ.

ಆ ನಗು ಬಹಳ ದಿನ ಉಳಿಯಲಿಲ್ಲ. ಮೊದಲು ಇಳಿದುಹೋಗುತ್ತಿದ್ದ ನೀರಿಗೆ ಈಗ ದಾರಿಯೇ ಇರಲಿಲ್ಲ. ರಾಳದ ಮೇಲೆ ನಿಂತಿತು, ಗೋಡೆಯ ತಲೆಯೊಳಗೆ ಇಂಗಿತು. ಒಂದು ಬೆಳಿಗ್ಗೆ ನೋಡಿದರೆ ಇಡೀ ಗೋಡೆ ಜ್ವರ ಬಿಟ್ಟ ಮೈಯ ಹಾಗೆ ಬೆವರಿತ್ತು. ಮಧ್ಯಾಹ್ನದ ಹೊತ್ತಿಗೆ ಗಾರೆಯ ದೊಡ್ಡ ಚಕ್ಕೆಯೊಂದು ಕಳಚಿ ಗಂಜಿಯ ಪಾತ್ರೆಗೆ ಬಿತ್ತು. ಅತ್ತೆ ಮತ್ತೆ ಚಾಪೆ ಸುತ್ತಿ ಆಚೆಗೆ ಹೋದರು. ಗಂಡ ಗೋಡೆಗೆ ಕೈಯಿಟ್ಟು ನಿಂತೇ ಇದ್ದರು.

“ದೋಣಿಗಾದ್ರೆ ನೀರು ಹೊರಗಿಂದ ಒಳಗೆ ಬತ್ತದೆ. ಇದು ಎಲ್ಲಿಂದ ಬತ್ತದೆ ಅಂದೇ ತಿಳೀಲಿಲ್ಲ ನೋಡು.”

ಹಾಗಾದರೆ ನಾನೇ ನೋಡುತ್ತೇನೆ ಎಂದುಕೊಂಡೆ. ನಮ್ಮ ಕಡೆ ಅಟ್ಟವಿರಲಿಲ್ಲ. ದಂಬೆಯ ಹತ್ತಿರ ಕಣ್ಣಿಟ್ಟು ನೋಡಬೇಕಾದರೆ ಇದ್ದದ್ದು ಒಂದೇ ಜಾಗ, ಅಕ್ಕನ ಮನೆಯ ಅಟ್ಟ. ಹಿಸೆಯಾದ ಮೇಲೆ ನಾನು ಅವರ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಅತ್ತೆ ಉಂಡು ಮಲಗಿದ ಹೊತ್ತು ನೋಡಿ ಹೋದೆ. “ಅಟ್ಟ ಹತ್ಬೇಕು” ಎಂದೆ. ಬಸುರಿಗೆ ಏಣಿ ಹತ್ತಬೇಡ ಎಂದು ಅಕ್ಕ ಹೇಳಲಿಲ್ಲ. ಹಿಂದಿನಿಂದ ನನ್ನ ಸೊಂಟ ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಮೆಟ್ಟಿಲು ತಾನೂ ಹತ್ತಿದಳು. ಅವಳ ಕೈ ಬಿಸಿಯಾಗಿತ್ತು. ಅದೂ ನನಗೆ ಸೇರಲಿಲ್ಲ.

ಕಟ್ಟಿಗೆ, ತೆಂಗಿನಕಾಯಿಯ ರಾಶಿಯ ನಡುವೆ ಇಬ್ಬರೂ ಮೊಣಕಾಲೂರಿ ಸೂರಿನ ಸಂದಿಯಲ್ಲಿ ನೋಡಿದೆವು. ಹೊರಗೆ ಜಿನುಗು ಮಳೆ. ನಮ್ಮ ಕಡೆಯ ಕೊನೆಯ ಹಂಚು ದಂಬೆಯ ಮೇಲೆ ಬಂದಿರಲೇ ಇಲ್ಲ, ನಾಲ್ಕು ಬೆರಳು ಹಿಂದೆಯೇ ನಿಂತಿತ್ತು. ಜೋರು ಮಳೆಯಲ್ಲಿ ನೀರು ಹಾರಿ ದಂಬೆಗೆ ಬೀಳುತ್ತಿತ್ತು. ಈಗ ಹಾರುವಷ್ಟು ರಭಸವಿಲ್ಲ. ಒಂದೊಂದು ಹನಿಯೂ ಹಂಚಿನ ಅಂಚಿಗೆ ಬಂದು, ಅಡಿಗೆ ತಿರುಗಿ, ಅದರ ಹೊಟ್ಟೆಗೆ ಅಂಟಿಕೊಂಡು ಹಿಂದೆ ಹೋಗಿ ಗೋಡೆಗೆ ಬೀಳುತ್ತಿತ್ತು.

ಹಂಚು ಯಾಕೆ ಹಿಂದೆ ನಿಂತಿತು ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಹಿಸೆಯ ದಿನ ಹಿರಿಯರು ಗೋಡೆಯ ನಡುವಿಗೆ ದಾರ ಹಿಡಿದು ಇದೇ ಗಡಿ ಎಂದಿದ್ದರು. ನನ್ನ ಗಂಡ ಸಿಟ್ಟಿನಲ್ಲಿ, “ನನ್ನ ಹಂಚಿನ ನೆರಳೂ ಆಚೆಗೆ ಬೀಳೂದು ಬೇಡ” ಎಂದು ಹಂಚು ಹೊರುವ ಪಕ್ಕಾಸಿನ ತುದಿಗಳನ್ನು ಗರಗಸ ಹಿಡಿದು ಕೊಯ್ದಿದ್ದರು. ಭಾವನೂ ಬಿಡಲಿಲ್ಲ, ತಮ್ಮದನ್ನೂ ಕೊಯ್ದರು. ದಂಬೆ ಇಬ್ಬರ ನಡುವೆ ಬಾಯಿ ತೆರೆದು ಮಲಗಿತ್ತು, ಎರಡು ಕಡೆಯ ಮಾಡೂ ಅದನ್ನು ಮುಟ್ಟದೆ ಮುಖ ತಿರುಗಿಸಿ ಕೂತಿದ್ದವು.

“ಮತ್ತೆ ನಿಮ್ಮದು ಎಂತಕ್ಕೆ ಸೋರೂದಿಲ್ಲ?” ಎಂದೆ.

ಅಕ್ಕ ಬೆರಳಿನಿಂದ ತೋರಿಸಿದಳು. ಅವರ ಕಡೆಯ ಹಂಚಿನಡಿಗೆ ಒಂದು ತಗಡಿನ ಪಟ್ಟಿ ಸೇರಿಸಿ, ತುದಿ ಬಗ್ಗಿಸಿ ದಂಬೆಯೊಳಗೆ ಇಳಿಬಿಟ್ಟಿದ್ದರು. “ಹೋಗೂ ಮುಂಚೆ ಇವ್ರು ಯಾರಿಗೂ ಹೇಳ್ದೆ ಹಾಕಿದ್ರು. ತಮ್ಮಂಗೆ ಗೊತ್ತಾದ್ರೆ ಗಡಿ ದಾಟ್ದೆ ಅಂತಾನೆ ಅಂತ.”

ನನಗೆ ಅಳು ಬಂತು. ಒಂದು ತಗಡಿನ ಚೂರು ಅವರ ಕಡೆ ಇದೆ, ಅತ್ತೆ ಅವರ ಕಡೆ ಇದ್ದಾರೆ. ನಮ್ಮ ಕಡೆ ಇದ್ದದ್ದು ಗಂಡನ ಬಿಗುಮಾನ ಒಂದೇ.

ಗಂಡ ಒಪ್ಪಲಿಲ್ಲ. ಅಣ್ಣ ಬರಲಿ, ಅವನೇ ಬಾಯಿಬಿಟ್ಟು ಹೇಳಲಿ, ಅಲ್ಲಿಯವರೆಗೆ ದಾರದಾಚೆಗೆ ಕೈ ಚಾಚುವುದಿಲ್ಲ ಎಂದರು. ನಾನು ಕಣ್ಣೀರು ಹಾಕಿದೆ, ಬೈದೆ, ಮೂಲೆ ಹಿಡಿದು ಮಲಗಿದೆ. ಅಷ್ಟರಲ್ಲಿ ಅಂಗಳದಲ್ಲಿ ನನ್ನ ಗಂಡನನ್ನು ಹೆಸರು ಹಿಡಿದು ಕರೆಯುವ ಅಕ್ಕನ ದನಿ. ಕೈಯಲ್ಲಿ ಸೀಮೆಎಣ್ಣೆಯ ಹಳೆಯ ತಗಡಿನ ಡಬ್ಬಿ. ಒಣಮೀನು ತುಂಬಿಡುತ್ತಿದ್ದ ಡಬ್ಬಿ ಅದು. ಮೀನನ್ನು ಗಡಿಗೆಗೆ ಸುರಿದು ಇದನ್ನು ತೊಳೆದು ತಂದಿದ್ದಳು.

“ಅವ್ರಿಲ್ದಿದ್ರೆ ಆ ಬದಿಗೆ ನಾನಿಲ್ವಾ? ನಾ ಹೇಳ್ತೆ, ಹಾಕು ಮಂಜು. ಅವ್ರು ಬಂದ್ಮೇಲೆ ಎಂತಾದ್ರೂ ಅಂದ್ರೆ ಅತ್ತಿಗೆ ಹೇಳಿದ್ದು ಅನ್ನು.”

ಅತ್ತಿಗೆಯ ಮಾತಿಗೆ ಅವರು ಎದುರಾಡಲಿಲ್ಲ. ಡಬ್ಬಿ ಸೀಳಿ, ಬಡಿದು ಚಪ್ಪಟೆ ಮಾಡಿದರು. ಮೊದಲು ತಾವೇ ತುಂಬಿದ್ದ ಹತ್ತಿ, ರಾಳವನ್ನು ಉಳಿಯಿಂದ ಕಿತ್ತು ಹಾಕಿದರು. ಅಡಿಯಲ್ಲಿ ಎಲ್ಲಾದರೂ ನೀರು ಸೇರಿದರೆ ಅದಕ್ಕೆ ಹೋಗಲು ದಾರಿ ಬೇಕಲ್ಲ. ಆಮೇಲೆ ಕೊನೆಯ ಸಾಲಿನ ಹಂಚು ಎತ್ತಿ ತಗಡನ್ನು ಅಡಿಗೆ ಸೇರಿಸಿ, ಅಂಚನ್ನು ದಂಬೆಯೊಳಕ್ಕೆ ಬಗ್ಗಿಸಿದರು. ಅಷ್ಟು ಹೊತ್ತೂ ಅಕ್ಕ ಮಳೆಯಲ್ಲಿ ಏಣಿ ಹಿಡಿದು ನಿಂತಿದ್ದಳು. ನಾನು ಒಳಗಿನಿಂದ ನೋಡುತ್ತಿದ್ದೆ. ಸೋರುವುದು ನಿಂತರೆ ಅತ್ತೆ ಇವಳ ಕೈ ತಪ್ಪಿ ನನ್ನ ಕಡೆಗೆ ಬರುತ್ತಾರೆ, ಗೊತ್ತಿದ್ದೂ ಮಳೆಯಲ್ಲಿ ತೋಯುತ್ತಿದ್ದಾಳೆ. ಒಳ್ಳೆಯವಳು ಎನಿಸಿಕೊಳ್ಳುವುದರಲ್ಲೂ ನನಗಿಂತ ಮುಂದೆಯೇ ಇರಬೇಕಲ್ಲ ಈ ಮಹರಾಯ್ತಿ ಎಂದು ಹಲ್ಲು ಕಡಿದೆ.

ಆ ಮೇಲೆ ಜಿನುಗು ಮಳೆಗೂ ಸೋರಲಿಲ್ಲ. ಕೆಂಡದ ಮಡಕೆ ಇಟ್ಟು ಗೋಡೆ ಒಣಗಿಸಿದೆ. ಅತ್ತೆಯ ಜಾಗ ಗುಡಿಸಿ, ದಿಂಬಿಗೆ ಹೊಸ ಬಟ್ಟೆ ಹಾಕಿ ಕರೆಯಲು ಹೋದೆ.

“ನೆಲ ಇನ್ನೂ ತಣ್ಣಗದೆ ಮಗಾ. ಕಾಲು ನೋಯ್ತದೆ” ಎಂದರು.

ನೆಲ ಒಣಗಿತು. ಅಮಾವಾಸ್ಯೆ ಕಳೆಯಲಿ ಎಂದರು. ಅಮಾವಾಸ್ಯೆ ಕಳೆಯಿತು. ಪುನರ್ವಸು ಮಳೆ ನೋಡಿಕೊಂಡು ಬರುತ್ತೇನೆ ಎಂದರು. ಮಳೆಯನ್ನು ನೋಡುವುದೆಂತದು? ಅಕ್ಕ ಬಾವಿಗೆ ಹೋಗಿದ್ದ ಹೊತ್ತಿನಲ್ಲಿ ನಾನು ಅವರ ಮುಂದೆ ಕೂತೇಬಿಟ್ಟೆ.

“ಸೋರೂದು ನಿಂತದೆ. ನೀವು ಎಂತಕ್ಕೆ ಬರೂದಿಲ್ಲ? ನಾ ಎಂತ ಮಾಡ್ದೆ?”

ಅತ್ತೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದರು. ಬಾವಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ನೀ ಎಂತದೂ ಮಾಡ್ಲಿಲ್ಲ. ಸೋರ್ದೇ ಇದ್ರೂ ನಾ ಇವ್ಳ ಬದಿಗೆ ಬರ್ತಿದ್ದೆ, ಬೇರೆ ಎಂತಾದ್ರೂ ನೆವ ಹುಡುಕ್ಬೇಕಾಗಿತ್ತು. ನಿನ್ನ ಬದಿಲಿ ತೊಟ್ಟಿಲು ಕಟ್ಟೂ ಹೊತ್ತು ಬಂತು. ಇವ್ಳ ಗಂಡ ಊರಲ್ಲಿಲ್ಲ. ಗ್ವಾಡೆ ಆಚೆ ಕೂಸು ಅಳೂದು ಕೇಳ್ಕಂಡು ಇವ್ಳು ಒಬ್ಳೇ ಈ ಬದಿಗೆ ಕೂತಿರೂದಾ? ನಿಂಗೆ ಕೂಸು ಬತ್ತದೆ. ಇವ್ಳಿಗೆ ನಾನಾದ್ರೂ ಬೇಡ್ವಾ?”

ಅತ್ತೆ ಮತ್ತೊಮ್ಮೆ ಬಾವಿಯ ಕಡೆ ಕಣ್ಣು ಹಾಯಿಸಿದರು.

“ಇದನ್ನ ಅವ್ಳ ಹತ್ರ ಆಡಬೇಡ. ಕನಿಕರಕ್ಕೆ ಬಂದಿದ್ದು ಅಂತ ತಿಳಿದ್ರೆ ಅವ್ಳೇ ನನ್ನ ಚಾಪೆ ಸುತ್ತಿ ನಿನ್ನ ಬದಿಗೆ ಇಟ್ಟು ಬತ್ತಾಳೆ. ಅಂಥವ್ಳು.”

ಅರ್ಥವಾಗಲಿಲ್ಲ ಎನ್ನುವಂತಿಲ್ಲ, ಎಲ್ಲ ಅರ್ಥವಾಯಿತು. ಆದರೆ ಅರ್ಥವಾದ ಮಾತ್ರಕ್ಕೆ ಹೊಟ್ಟೆ ತಣ್ಣಗಾಗುತ್ತದೆ ಎಂದು ಯಾರು ಹೇಳಿದರು? ‘ಅಂಥವ್ಳು’ ಎಂದಾಗ ಅತ್ತೆಯ ದನಿಯಲ್ಲಿದ್ದ ಅಭಿಮಾನವನ್ನೇ ಮೆಲುಕು ಹಾಕುತ್ತ ಮನೆಗೆ ಬಂದೆ. ನನ್ನ ಬಗ್ಗೆ ಅವರು ಯಾರ ಹತ್ತಿರವಾದರೂ ಹಾಗೆ ಹೇಳಿದ್ದಾರೆಯೇ ಎಂದು ಯೋಚಿಸಿದೆ.

ಆಶ್ಲೇಷ ಮಳೆಯಲ್ಲಿ, ಹಗಲು ಹೊತ್ತಿನಲ್ಲಿ, ಮಗಳು ಹುಟ್ಟಿದಳು. ಅತ್ತೆಯೇ ಎತ್ತಿಕೊಂಡರು. ದಿನವೂ ಬೆಳಿಗ್ಗೆ ಬಂದು ನನಗೆ ಎಣ್ಣೆ ತಿಕ್ಕಿ ಬಿಸಿನೀರು ಹುಯ್ದು, ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಆಚೆಗೆ ಹೋಗಿಬಿಡುತ್ತಿದ್ದರು. ಅಕ್ಕ ಹಂಡೆಗೆ ನೀರು ತುಂಬುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕಾಳುಮೆಣಸಿನ ಸಾರು ಮಾಡಿ ತಂದಿಡುತ್ತಿದ್ದಳು. ಕೋಣೆಯ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಮಕ್ಕಳಿಲ್ಲದವರು ಹಸುಗೂಸು ಮುಟ್ಟಿದರೆ ಏನೋ ಆಗುತ್ತದೆ ಎಂದು ಊರಿನ ಹೆಂಗಸರು ಆಡಿಕೊಳ್ಳುವುದಿತ್ತು. ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಯಾರೂ ಹೇಳುವ ಮೊದಲೇ ಅವಳು ದೂರ ನಿಂತಿದ್ದಳು. ಹೊಸ್ತಿಲಾಚೆ ನಿಂತು ಕತ್ತು ಉದ್ದ ಮಾಡಿ ನೋಡಿ ಹೋಗುತ್ತಿದ್ದಳು.

ಒಂದು ಸಂಜೆ ಮಗು ಅಳಲು ಹಿಡಿದದ್ದು ನಿಲ್ಲಲೇ ಇಲ್ಲ. ಹಾಲು ಕುಡಿಯಲಿಲ್ಲ, ತೊಟ್ಟಿಲು ಬೇಡ, ಎತ್ತಿಕೊಂಡರೂ ಅಳು. ಗಂಡ ಮನೆಯಲ್ಲಿರಲಿಲ್ಲ. ಆಚೆ ಅಡಿಕೆ ಕುಟ್ಟುವ ಸದ್ದು ಕೇಳಿಸುತ್ತಿತ್ತು, ನಿಧಾನ, ನೆಮ್ಮದಿಯಾಗಿ. ನನಗೆ ತಲೆ ಕೆಟ್ಟುಹೋಯಿತು. ಬಾಣಂತಿ ಹೊರಗೆ ಕಾಲಿಡಬಾರದು ಎನ್ನುವುದನ್ನೂ ಮರೆತು, ಮಗುವಿಗೆ ಸೀರೆ ಸುತ್ತಿ, ಸೂರಿನಡಿಯಿಂದಲೇ ನಡೆದು ಆಚೆ ಬಾಗಿಲಿಗೆ ಹೋದೆ.

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಅಕ್ಕ ಒಲೆಯ ಮುಂದೆ. ನನ್ನನ್ನು ನೋಡಿ ಎದ್ದು ಹಿಂದೆ ಸರಿದಳು. ನನಗೆ ಆಗ ಬಂದ ಯೋಚನೆ ಪುಣ್ಯದ್ದಲ್ಲ, ಶುದ್ಧ ವ್ಯಾಪಾರದ್ದು. ಇವಳಿಗೆ ಯಾರೂ ಇಲ್ಲವೆಂದಲ್ಲವೇ ಅತ್ತೆ ಇಲ್ಲಿರುವುದು? ಇವಳ ಮಡಿಲು ತುಂಬಿದರೆ ಅತ್ತೆಗೆ ಇಲ್ಲಿ ಕೆಲಸವೇನು?

“ಹಿಡಿ ಅಕ್ಕ” ಎಂದೆ.

“ಬೇಡ ತಂಗಿ, ನಾ ಮುಟ್ಟೂದು ಬೇಡ.”

“ಹಿಡಿ ಅಂದ್ನಲ್ಲ. ನಂಗೆ ಕೈ ಸೋತದೆ.”

ಅವಳು ಕೂತಳು. ನಾನು ಮಗುವನ್ನು ಅವಳ ಮಡಿಲಿಗೆ ಹಾಕಿದೆ. ಮಗು ಇನ್ನೆರಡು ಸಲ ಅತ್ತು, ಬಿಕ್ಕಿ, ಅವಳ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದು ಸುಮ್ಮನಾಯಿತು. ಅಕ್ಕ ಅದನ್ನೇ ನೋಡುತ್ತಿದ್ದಳು. ಅತ್ತೆ ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. ಎದ್ದು, ಚಾಪೆ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು, ಬಾಗಿಲು ದಾಟಿ ನಮ್ಮ ಕಡೆಗೆ ಹೋದರು.

ಇಡೀ ಮಳೆಗಾಲ ನಾನು ಬೇಡಿದ್ದು ಅಷ್ಟೇ. ಗೋಡೆಯಾಚೆಯಿಂದ ಅತ್ತೆಯ ದನಿ ಕೇಳಿತು: “ಬಾರೆ ಮಗಾ, ಚಾಪೆ ಹಾಸಿದ್ದೆ. ನಿನ್ನ ತಲೆ ಬಾಚಿ ಎಷ್ಟು ದಿನ ಆತು.”

ನಾನು ಏಳಲಿಲ್ಲ. ಮಗು ಅಕ್ಕನ ತೋಳಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿತ್ತು. ನನ್ನ ತೋಳಿನಲ್ಲಿ ಅದು ಒಂದು ದಿನವೂ ಹಾಗೆ ಮಲಗಿರಲಿಲ್ಲ. ಅತ್ತೆ ಇನ್ನೊಮ್ಮೆ ಕರೆದರು. ನಾನು ಅಕ್ಕನ ಪಕ್ಕಕ್ಕೆ ಜರುಗಿ, ಅವಳ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತು, ನನ್ನ ಮಗುವಿನ ಒಂದು ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.